91.5 ಕೆಲ್ವಿನ್ ಎಂಬ ಸುಳ್ಳು: ದಾವಣಗೆರೆಯ ಲ್ಯಾಬಿನ ಒಂದು ಪ್ರಕರಣ

ಮಾರ್ಚ್ ತಿಂಗಳ ಒಂದು ಬೆಳಗ್ಗೆ ನಮ್ಮ ಭೌತಶಾಸ್ತ್ರ ಲ್ಯಾಬಿನ ಮೇಜಿನ ಮೇಲೆ ಎರಡು ಗ್ರಾಫ್ ಇದ್ದವು. ಒಂದೇ ಪೆಲೆಟ್ (ಅತಿವಾಹಕದ, ಅಂದರೆ ಸಾಕಷ್ಟು ತಣಿಸಿದರೆ ವಿದ್ಯುತ್ ರೋಧವನ್ನು ಪೂರ್ತಿ ಕಳೆದುಕೊಳ್ಳುವ ವಸ್ತುವಿನ ಬಿಲ್ಲೆ), ಒಂದೇ ಸೆಟಪ್, ಎರಡರ ನಡುವೆ ಒಂದು ಗಂಟೆಯೂ ಕಳೆದಿರಲಿಲ್ಲ. ತಣಿಸುತ್ತಾ ಹೋದಾಗ ಪೆಲೆಟ್‌ನ ರೋಧ 99.5 ಕೆಲ್ವಿನ್‌ನಲ್ಲಿ ಕುಸಿದಿತ್ತು. ವಾಪಸ್ ಬಿಸಿಯಾಗಲು ಬಿಟ್ಟಾಗ 91.5ರಲ್ಲಿ ಮೇಲೆದ್ದಿತ್ತು. ಈ ವಸ್ತು ರೋಧ ಕಳೆದುಕೊಳ್ಳುವ ತಾಪಮಾನ ಎಂದು ಪುಸ್ತಕಗಳಲ್ಲಿ ಬರೆದಿರುವ ಸಂಖ್ಯೆ 92ರ ಆಸುಪಾಸು. (ಕೆಲ್ವಿನ್ ಲೆಕ್ಕದಲ್ಲಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 273.)

ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿ ಮೊದಲು 99.5 ನೋಡಿ ಹಿಗ್ಗಿದಳು, ಆಮೇಲೆ ಹೆದರಿದಳು, ಕೊನೆಗೆ ತಾನೇ ಒಂದು ದಾರಿ ಹುಡುಕಿದಳು: "ಸರ್, ಇಳಿಸೋವಾಗಿಂದು ಬಿಟ್ಬಿಡೋಣ್ರಿ. ಏರಿಸೋವಾಗಿಂದು ಕರೆಕ್ಟಾಗೇ ಬಂದೈತಲ್ರಿ."

ಸುಳ್ಳೇಕೆ, ನಾನೂ ಹೂಂ ಅನ್ನುವವನಿದ್ದೆ. ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರವಿತ್ತು, ಕ್ಯಾನಿನಲ್ಲಿ ದ್ರವ ಸಾರಜನಕ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, 91.5 ಎಂಬುದು ಯಾವ ಪರೀಕ್ಷಕರೂ ತಕರಾರು ಎತ್ತದ ಉತ್ತರ. ಆದರೆ ಒಂದೇ ಕಲ್ಲು ಹೋಗುವಾಗ ಒಂದು ಮಾತು, ಬರುವಾಗ ಇನ್ನೊಂದು ಮಾತು ಹೇಳಿದರೆ ಎರಡನೆಯದನ್ನು ಮಾತ್ರ ನಂಬಲು ನಮಗಿದ್ದ ಕಾರಣ ಒಂದೇ: ಅದು ನಮಗೆ ಬೇಕಾದ ಮಾತಾಗಿತ್ತು. ಆ ದಿನ ರಿಪೋರ್ಟ್ ಬರೆಯುವುದು ಬಿಟ್ಟು ಥರ್ಮಾಮೀಟರಿನ ಹಿಂದೆ ಬಿದ್ದೆವು. ಏನು ಸಿಕ್ಕಿತು ಎಂಬುದು ಈ ಬರಹ.

ಪೆಲೆಟ್‌ನ ಕಥೆ

ವಸ್ತು ಯಿಟ್ರಿಯಂ-ಬೇರಿಯಂ-ಕಾಪರ್ ಆಕ್ಸೈಡ್. ಯಿಟ್ರಿಯಂ, ಬೇರಿಯಂ, ತಾಮ್ರ 1:2:3ರ ಲೆಕ್ಕದಲ್ಲಿ ಇರುವುದರಿಂದ ಲ್ಯಾಬುಗಳಲ್ಲಿ ಇದಕ್ಕೆ ಒನ್-ಟೂ-ತ್ರೀ ಅನ್ನುತ್ತಾರೆ. ಯಿಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೋನೇಟ್, ಕಾಪರ್ ಆಕ್ಸೈಡ್ ಪುಡಿಗಳನ್ನು ತೂಗಿ, ಕಲ್ಲಿನ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೆದು, 900 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ ಬೇಯಿಸಿ, ಮತ್ತೆ ಅರೆದು, ಬಿಲ್ಲೆಯಾಗಿ ಒತ್ತಿ, ಮತ್ತೆ ಬೇಯಿಸಬೇಕು. ಕೊನೆಗೆ ಆಮ್ಲಜನಕ ಹರಿಸುತ್ತಾ ನಿಧಾನ ತಣಿಸಬೇಕು. ಈ ಕೊನೆಯ ಹಂತದಲ್ಲಿ ಅವಸರ ಮಾಡಿದರೆ ಬಿಲ್ಲೆ ಆಮ್ಲಜನಕ ಸಾಲದೆ ಸೊರಗುತ್ತದೆ: ರೋಧ ಕಳೆದುಕೊಳ್ಳುವ ತಾಪಮಾನ 60 ಕೆಲ್ವಿನ್‌ವರೆಗೂ ಜಾರಬಹುದು, ಇನ್ನೂ ಕೊರತೆಯಾದರೆ ಅತಿವಾಹಕತೆಯೇ ಇರುವುದಿಲ್ಲ.

1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸದ ರೋಧ ಮಾಯವಾಗುವುದನ್ನು ಕಂಡಾಗ ತಾಪಮಾನ 4.2 ಕೆಲ್ವಿನ್ ಹತ್ತಿರ. ಅದಕ್ಕೆ ದ್ರವ ಹೀಲಿಯಂ ಬೇಕು, ನಮ್ಮಂಥ ಕಾಲೇಜಿಗೆ ಅದು ಕನಸು. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ತಾಮ್ರದ ಆಕ್ಸೈಡಿನಲ್ಲಿ ಅತಿವಾಹಕತೆ ಕಂಡು ಹೊಸ ಬಾಗಿಲು ತೆಗೆದರು. ಮರುವರ್ಷವೇ ಈ ಒನ್-ಟೂ-ತ್ರೀ ಬಂದು ಅತಿವಾಹಕತೆಯನ್ನು ದ್ರವ ಸಾರಜನಕದ (ಸುಮಾರು 77 ಕೆಲ್ವಿನ್) ಎಟುಕಿಗೆ ತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ 1987ರಲ್ಲಿ ಈ ಸಂಯುಕ್ತದ ಮೇಲೆ ಕೆಲಸ ಮಾಡಿತ್ತು. ಸಾರಜನಕವಾದರೆ ದಾವಣಗೆರೆಯಲ್ಲೂ ಸಿಗುತ್ತದೆ. ಹಸು-ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯ ನಳಿಕೆಗಳನ್ನು ಇಡುವುದೂ ಇದೇ ದ್ರವದಲ್ಲಿ, ಹೀಗಾಗಿ ನಮ್ಮ ಹುಡುಗರಲ್ಲಿ ಹಳ್ಳಿಯಿಂದ ಬಂದವರು ಈ ಹೊಗೆಯಾಡುವ ಕ್ಯಾನನ್ನು ಪಶು ಆಸ್ಪತ್ರೆಯಲ್ಲಿ ಮೊದಲೇ ನೋಡಿರುತ್ತಾರೆ.

ನಾವು ತಂದದ್ದು ಗ್ಯಾಸ್ ಸಿಲಿಂಡರ್ ಮಾರುವವರಿಂದ ಮೂರು ಲೀಟರ್, ಲಗೇಜ್ ಆಟೋದ ತೆರೆದ ಹಿಂಭಾಗದಲ್ಲಿಟ್ಟುಕೊಂಡು. ಕಾರಿನೊಳಗೆ ತರಬಾರದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಕಿಟಕಿ ಮುಚ್ಚಿದ ಕಾರಿನಲ್ಲಿ ಕ್ಯಾನ್ ಉರುಳಿದರೆ ಉಸಿರಾಡುವ ಗಾಳಿಯನ್ನೇ ಅದು ಹೊರದೂಡುತ್ತದೆ. ಮುಚ್ಚಳವನ್ನೂ ಬಿಗಿಯಾಗಿ ತಿರುಗಿಸುವಂತಿಲ್ಲ. ಆಟೋದವನು ತುಳುಕೀತು ಎಂದು ಬಿರಡೆಯನ್ನು ಗುದ್ದಿ ಕೂರಿಸಲು ಹೊರಟಾಗ ನಮ್ಮ ಅಟೆಂಡರ್ ಅಣ್ಣ ಅವನ ಕೈ ಹಿಡಿದರು: "ಏ ತಮ್ಮಾ, ಇದು ಕುಕ್ಕರ್ ಅಲ್ಲಪಾ, ಸೀಟಿ ಹೊಡಿಯಲ್ಲ, ಸೀದಾ ಹಾರತೈತಿ."

ಅಳತೆಯ ಕಟ್ಟು

ಬಿಲ್ಲೆಯಿಂದ ಕತ್ತರಿಸಿದ ತುಂಡು ಹತ್ತು ಮಿಲಿಮೀಟರ್ ಉದ್ದ, ಮೂರು ಅಗಲ, ಒಂದೂವರೆ ದಪ್ಪ. ಅದರ ಮೇಲೆ ಸಿಲ್ವರ್ ಪೇಸ್ಟ್‌ನಿಂದ ನಾಲ್ಕು ತಂತಿ. ಹೊರಗಿನ ಎರಡರಲ್ಲಿ 10 ಮಿಲಿಆಂಪಿಯರ್ ಕರೆಂಟ್ ಹರಿಸುವುದು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ನಾಲ್ಕೇ ಏಕೆ? ತುಂಡಿನ ರೋಧ ಸುಮಾರು 22 ಮಿಲಿಓಮ್. ಪೇಸ್ಟ್ ಹಚ್ಚಿದ ಒಂದೊಂದು ಅಂಟುಜಾಗದ ರೋಧವೇ ಅದರ ಹತ್ತಾರು ಪಟ್ಟು. ಎರಡೇ ತಂತಿಯಲ್ಲಿ ಅಳೆದರೆ ಮಂಡಕ್ಕಿಯನ್ನು ಕಬ್ಬಿಣದ ಡಬ್ಬಿ ಸಮೇತ ತೂಗಿದ ಹಾಗೆ. ನಾಲ್ಕು ತಂತಿಯಾದರೆ ವೋಲ್ಟ್‌ಮೀಟರ್‌ನ ದಾರಿಯಲ್ಲಿ ಕರೆಂಟ್ ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಆ ದಾರಿಯ ರೋಧ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಆ ಹುಡುಗಿ ನಿದ್ದೆಯಲ್ಲೂ ಒಪ್ಪಿಸುತ್ತಿದ್ದಳು. ಈ ಮಾತು ನೆನಪಿರಲಿ.

ತುಂಡು 200 ಗ್ರಾಂ ತೂಕದ ತಾಮ್ರದ ಗಟ್ಟಿಯ ಮೇಲೆ, ಗಟ್ಟಿ ಒಂದು ಉದ್ದನೆಯ ಸ್ಟೀಲ್ ಕೊಳವೆಯ ತುದಿಯಲ್ಲಿ. ತಾಮ್ರ ತುಂಡಿಗೆ ತಗುಲಿ ಶಾರ್ಟ್ ಆಗಬಾರದು, ಆದರೆ ಕಾವು ಹರಿಯಬೇಕು. ಇದಕ್ಕೆ ಶೈತ್ಯ ಪ್ರಯೋಗಾಲಯಗಳಲ್ಲಿ ಬಹಳ ಹಳೆಯ ಉಪಾಯವೊಂದಿದೆ: ಸಿಗರೇಟ್ ಸುತ್ತುವ ತೆಳು ಕಾಗದ, ಅದಕ್ಕೆ ಒಂದು ಪದರ ವಾರ್ನಿಷ್. ಅಟೆಂಡರ್ ಅಣ್ಣ ಬೀಡಾ ಅಂಗಡಿಗೆ ಹೋಗಿ ಬರೀ ಕಾಗದ ಕೇಳಿದಾಗ ಅಂಗಡಿಯವನು ಮೇಲಿಂದ ಕೆಳಗೆ ನೋಡಿದನಂತೆ.

ತಾಪಮಾನಕ್ಕೆ ಪಿಟಿ-100, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್ ತೋರಿಸುವ ಪ್ಲಾಟಿನಂ ಸೆನ್ಸರ್. ಅದರ ರೋಧವನ್ನು ಮಲ್ಟಿಮೀಟರ್‌ನಲ್ಲಿ ಓದಿ, ಕೋಷ್ಟಕ ನೋಡಿ ಡಿಗ್ರಿಗೆ ಬದಲಿಸಿಕೊಳ್ಳುವುದು. ಸೆನ್ಸರನ್ನು ಗಟ್ಟಿಯ ಹೊರಮೈಗೆ ಟೇಪ್ ಸುತ್ತಿ ಕಟ್ಟಿದ್ದೆವು. ಕೊಳವೆಯನ್ನು ಫ್ಲಾಸ್ಕಿನೊಳಗೆ ಇಳಿಸಿದಂತೆಲ್ಲ ದ್ರವದ ಮೇಲಿನ ತಣ್ಣನೆಯ ಆವಿ ಗಟ್ಟಿಯನ್ನು ತಣಿಸುತ್ತದೆ. ಕೊನೆಗೆ ದ್ರವ ಮುಟ್ಟಿದಾಗ ಸಾರಜನಕ ಕಾದ ದೋಸೆ ಕಾವಲಿಯ ಮೇಲೆ ಎರಚಿದ ನೀರಿನ ಹಾಗೆ ತಾಮ್ರವನ್ನು ಮುಟ್ಟದೆ ಕುಣಿಯುತ್ತದೆ, ತಾಮ್ರ ಸಾಕಷ್ಟು ತಣಿದ ಮೇಲೆ ಒಮ್ಮೆಗೇ ಭೋರೆಂದು ಕುದ್ದು ಸುಮ್ಮನಾಗುತ್ತದೆ. ಈ ಕೊರೆಯುವ ದ್ರವದ ಪಾಲಿಗೆ ನಮ್ಮ ಲ್ಯಾಬಿನ ತಾಮ್ರವೇ ಕಾವಲಿ.

ಎಂಟು ಕೆಲ್ವಿನ್ ಎಲ್ಲಿಂದ ಬಂತು

ಮೊದಲ ಅನುಮಾನ ಪೆಲೆಟ್ ಮೇಲೆ ಹೋಗುವುದು ಸಹಜ. ಅದನ್ನು ಬೇಗ ಕೈಬಿಟ್ಟೆವು. ಬೇಯಿಸುವಾಗಿನ ದೋಷಗಳು ಈ ವಸ್ತುವಿನ ತಾಪಮಾನವನ್ನು ಕೆಳಗೆ ಎಳೆಯುತ್ತವೆ, ಮೇಲಕ್ಕೆ ತಳ್ಳುವುದಿಲ್ಲ. ಕಾಲೇಜಿನ ಕುಲುಮೆಯಲ್ಲಿ ಬೆಂದ ಬಿಲ್ಲೆ ಪುಸ್ತಕದ ಬಿಲ್ಲೆಗಿಂತ ಏಳೆಂಟು ಕೆಲ್ವಿನ್ ಮೇಲಿದೆ ಎಂದರೆ ತಪ್ಪಿರುವುದು ಬಿಲ್ಲೆಯಲ್ಲಲ್ಲ. ಇಂಥ ಸುಳ್ಳು ಸಂಭ್ರಮಗಳಿಗೆ ಈ ಕ್ಷೇತ್ರದಲ್ಲಿ ಬರವಿಲ್ಲ. 2023ರ ಜುಲೈನಲ್ಲಿ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತು ಕೋಣೆಯ ತಾಪಮಾನದಲ್ಲೇ ಅತಿವಾಹಕ ಎಂದಾಗ ಇದೇ ಹುಡುಗಿ ಡಿಗ್ರಿ ಕ್ಲಾಸಿನಲ್ಲಿ ಅದರ ವಿಡಿಯೋಗಳನ್ನು ನೋಡಿ ಕುಣಿದಿದ್ದಳಂತೆ. ಅಲ್ಲಿ ರೋಧ ಥಟ್ಟನೆ ಇಳಿದದ್ದು ಬೆರೆತಿದ್ದ ಕಾಪರ್ ಸಲ್ಫೈಡ್ ತನ್ನ ರೂಪ ಬದಲಿಸಿದ್ದರಿಂದ ಎಂದು ಕೆಲವೇ ವಾರಗಳಲ್ಲಿ ತಿಳಿಯಿತು.

ಎರಡನೇ ಅನುಮಾನ ವೇಗದ ಮೇಲೆ. ನೋಟ್‌ಬುಕ್ ತಿರುವಿದರೆ 300ರಿಂದ 77ಕ್ಕೆ ಇಳಿಯಲು ತೆಗೆದುಕೊಂಡದ್ದು ಇಪ್ಪತ್ತು ನಿಮಿಷದೊಳಗೆ, ಅಂದರೆ ನಿಮಿಷಕ್ಕೆ ಸುಮಾರು 12 ಕೆಲ್ವಿನ್. ಸಾರಜನಕ ಖಾಲಿಯಾದೀತು ಎಂಬ ಭಯ. ಆ ಭಯವೂ ಅನಗತ್ಯ: 200 ಗ್ರಾಂ ತಾಮ್ರ ತಣಿಸಲು ದ್ರವ ಆವಿಯಾಗುವ ಶಾಖವೊಂದನ್ನೇ ಲೆಕ್ಕ ಹಾಕಿದರೂ ಒಂದು ಟೀ ಲೋಟದಷ್ಟು ಸಾಕು. ನಿಜವಾಗಿ ದ್ರವ ತಿನ್ನುವುದು ಫ್ಲಾಸ್ಕಿನ ತೆರೆದ ಬಾಯಿ.

ಟೇಪ್ ಕಟ್ಟಿದ ಸೆನ್ಸರ್ ತಾಮ್ರವನ್ನು ಸರಿಯಾಗಿ ಮುಟ್ಟಿರುವುದಿಲ್ಲ, ಜೊತೆಗೆ ಅದರ ತಂತಿಗಳು ಮೇಲಿನ ಕೋಣೆಯ ಕಾವನ್ನು ನೇರ ತಂದು ಅದಕ್ಕೆ ಉಣಿಸುತ್ತಿರುತ್ತವೆ. ತುಂಡು ತಣಿದ ಮೇಲೆ ಸೆನ್ಸರ್ ತಣಿಯುತ್ತದೆ, ತುಂಡು ಬಿಸಿಯಾದ ಮೇಲೆ ಸೆನ್ಸರ್ ಬಿಸಿಯಾಗುತ್ತದೆ. ಹೀಗಾಗಿ ಇಳಿಯುವಾಗ ಅದು ನಿಜಕ್ಕಿಂತ ಹೆಚ್ಚು ಹೇಳುತ್ತದೆ, ಏರುವಾಗ ಕಡಿಮೆ. ಎಂಟು ಕೆಲ್ವಿನ್ ಅಂತರವನ್ನು ಎರಡು ಪಾಲು ಮಾಡಿದರೆ ಅತ್ತ ನಾಲ್ಕು, ಇತ್ತ ನಾಲ್ಕು. ನಿಮಿಷಕ್ಕೆ 12ರ ವೇಗದಲ್ಲಿ ನಾಲ್ಕು ಕೆಲ್ವಿನ್ ಎಂದರೆ ಸೆನ್ಸರ್ ಇಪ್ಪತ್ತು ಸೆಕೆಂಡ್ ಹಿಂದೆ ಓಡುತ್ತಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಬಹಳ ಜನ ನಿಲ್ಲಿಸುತ್ತಾರೆ ಕೂಡ. ಆದರೆ ಲೆಕ್ಕವನ್ನು ಪೂರ್ತಿ ಮಾಡಿದರೆ ಒಂದು ಎಡವಟ್ಟು ಕಾಣುತ್ತದೆ. ಏರುವಾಗಲೂ ಇಳಿಯುವಾಗಲೂ ವೇಗ ಹೆಚ್ಚುಕಡಿಮೆ ಒಂದೇ ಇತ್ತು, ಹಾಗಾಗಿ ನಿಜ ಉತ್ತರ ಎರಡರ ನಡುವೆ ಇರಬೇಕು: 95.5. ಅದು ಪುಸ್ತಕದ್ದಲ್ಲ! ಹುಡುಗಿ ಇಟ್ಟುಕೊಳ್ಳೋಣ ಎಂದ 91.5 ಸರಿಯಾಗಿದ್ದರೆ ಏರುವಾಗ ಸೆನ್ಸರ್ ಹಿಂದೆ ಬೀಳಲೇ ಇಲ್ಲ ಎನ್ನಬೇಕು, ಇಳಿಯುವಾಗ ಮಾತ್ರ ಎಂಟು ಕೆಲ್ವಿನ್ ಹಿಂದೆ ಬಿತ್ತು ಎನ್ನಬೇಕು. ಒಂದೇ ಟೇಪು, ಒಂದೇ ವೇಗ, ಹೇಗೆ ಸಾಧ್ಯ? ಹಾಗಾದರೆ ಬೇರೊಂದು ತಪ್ಪು, ಹೋಗುವಾಗಲೂ ಬರುವಾಗಲೂ ಒಂದೇ ಸಮನೆ ಸುಮಾರು ನಾಲ್ಕು ಕೆಲ್ವಿನ್ ಹೆಚ್ಚು ತೋರಿಸುವಂಥದ್ದು, ಎಲ್ಲೋ ಕುಳಿತಿದೆ. ಏರುವಾಗ ಆ ಹೆಚ್ಚಳವೂ ಈ ಹಿನ್ನಡೆಯೂ ಒಂದನ್ನೊಂದು ನುಂಗಿ, ಎರಡು ತಪ್ಪುಗಳು ಸೇರಿ ಒಂದು ಚೆಂದದ ಸರಿ ಉತ್ತರ ಹಡೆದಿದ್ದವು.

ನಿಂತ ನೀರಿನಲ್ಲಿ ಮುಖ ನೋಡುವುದು

ಹಿನ್ನಡೆ ಇರುವುದು ತಾಪಮಾನ ಬದಲಾಗುತ್ತಿರುವಾಗ ಮಾತ್ರ. ಎಲ್ಲವೂ ಒಂದೇ ತಾಪಮಾನದಲ್ಲಿ ನಿಂತರೆ ಉಳಿಯುವುದು ಇನ್ನೊಂದು ತಪ್ಪು ಒಂದೇ. ಗಟ್ಟಿಯನ್ನು ಪೂರ್ತಿ ದ್ರವದಲ್ಲಿ ಮುಳುಗಿಸಿ, ಕುದಿತ ನಿಂತ ಮೇಲೂ ಹತ್ತು ನಿಮಿಷ ಬಿಟ್ಟೆವು. ಮೀಟರ್ 22.0 ಓಮ್ ತೋರಿಸಿ ಅಲ್ಲಾಡದೆ ನಿಂತಿತು. ಕೋಷ್ಟಕದ ಪ್ರಕಾರ 81.2 ಕೆಲ್ವಿನ್.

ಸಮುದ್ರಮಟ್ಟದಲ್ಲಿ ಸಾರಜನಕ ಕುದಿಯುವುದು 77.36 ಕೆಲ್ವಿನ್‌ಗೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಅಷ್ಟು ಕಡಿಮೆ, ಹಾಗಾಗಿ ಇಲ್ಲಿ ಅದು ಕುದಿಯುವುದು 76.8ರ ಹತ್ತಿರ. ಪುಸ್ತಕದ ಸಂಖ್ಯೆಯನ್ನೇ ಕಣ್ಣುಮುಚ್ಚಿ ಹಾಕಿದ್ದರೆ ಅರ್ಧ ಕೆಲ್ವಿನ್ ಅಲ್ಲೇ ಹೋಗುತ್ತಿತ್ತು. ಇನ್ನೊಂದು ಎಚ್ಚರ: ತೆರೆದಿಟ್ಟ ಸಾರಜನಕ ಗಾಳಿಯಲ್ಲಿನ ಆಮ್ಲಜನಕವನ್ನು ಎಳೆದುಕೊಂಡು ದ್ರವವಾಗಿಸುತ್ತದೆ. ಆಮ್ಲಜನಕ ಕುದಿಯುವುದು 90.2ರಲ್ಲಿ, ಅದು ಬೆರೆತಷ್ಟೂ ಕುದಿಯುವ ತಾಪಮಾನ ಮೇಲೇರುತ್ತದೆ. ನಿನ್ನೆಯ ಫ್ಲಾಸ್ಕಿನಲ್ಲಿ ಇವತ್ತು ಥರ್ಮಾಮೀಟರ್ ಪರೀಕ್ಷಿಸಬಾರದು. ನಾವು ಕ್ಯಾನಿನಿಂದ ಹೊಸದಾಗಿ ಸುರಿದುಕೊಂಡಿದ್ದೆವು.

81.2ರಿಂದ 76.8 ಕಳೆದರೆ 4.4. ನಾವು ಹುಡುಕುತ್ತಿದ್ದ ಕಳ್ಳ ಹೆಚ್ಚುಕಡಿಮೆ ಅಷ್ಟೇ ಎತ್ತರದವನು. ಓಮ್‌ನಲ್ಲಿ ಹೇಳುವುದಾದರೆ ಮೀಟರ್ ಇರಬೇಕಾದ 20.1ರ ಬದಲು 22.0 ಓದುತ್ತಿದೆ. ಸುಮಾರು ಎರಡು ಓಮ್ ಎಲ್ಲಿಂದ ಬಂತು?

ಹುಡುಗಿ ಸೆಟಪ್ ನೋಡುತ್ತಾ ನಿಂತಳು. ಒಂದು ನಿಮಿಷ ಮಾತಿಲ್ಲ. ಆಮೇಲೆ ಹಣೆ ಚಚ್ಚಿಕೊಂಡಳು: "ಸರ್, ಪೆಲೆಟ್‌ಗೆ ನಾಲ್ಕು ತಂತಿ ಹಾಕೀವಿ. ಥರ್ಮಾಮೀಟರ್‌ಗೆ ಎರಡೇ ಹಾಕೀವಲ್ರಿ!"

ಸೆನ್ಸರಿನಿಂದ ಮೇಲಿನವರೆಗೆ 40 ಗೇಜ್ ತಾಮ್ರದ ತಂತಿ, ಎರಡು ಎಳೆ, ಒಂದೊಂದು 70 ಸೆಂಟಿಮೀಟರ್. ಈ ಗೇಜಿನ ತಾಮ್ರ ಮೀಟರಿಗೆ ಸುಮಾರು ಒಂದೂವರೆ ಓಮ್. ಒಟ್ಟು 2.1 ಓಮ್, ಕೆಳತುದಿ ತಣಿದಾಗ ಸ್ವಲ್ಪ ಇಳಿದು 1.9. ಮಲ್ಟಿಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಸೊನ್ನೆ ಮಾಡಿದ್ದೆವು ನಿಜ, ಅದು ಮೀಟರಿನ ಸ್ವಂತ ತಂತಿಗಳನ್ನಷ್ಟೇ ಕಳೆಯುತ್ತದೆ. ಇಷ್ಟು ಕೆಳ ತಾಪಮಾನದಲ್ಲಿ ಪ್ಲಾಟಿನಂ ಸೆನ್ಸರಿನ ರೋಧ ಕೆಲ್ವಿನ್‌ಗೆ 0.43 ಓಮ್ ಮಾತ್ರ ಬದಲಾಗುತ್ತದೆ. ಎರಡು ಓಮ್ ಅಂದರೆ ನಾಲ್ಕೂವರೆ ಕೆಲ್ವಿನ್ ಆಯಿತಲ್ಲ.

ನನಗೆ ಹೆಚ್ಚು ನಾಚಿಕೆಯಾದದ್ದು ಇದಕ್ಕಲ್ಲ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಕಳ್ಳನ ಹೆಜ್ಜೆ ಇತ್ತು. ಪ್ರಯೋಗ ಶುರುವಾಗುವ ಮುನ್ನ, ಬೆಳಗ್ಗೆ ಎಂಟೂವರೆಗೆ: 113.0 ಓಮ್. ಅಂದರೆ 33.5 ಡಿಗ್ರಿ ಸೆಲ್ಸಿಯಸ್. ಗೋಡೆಯ ಮೇಲಿನ ಸಾದಾ ಥರ್ಮಾಮೀಟರ್ ಆಗ 28 ತೋರಿಸುತ್ತಿತ್ತು. ಊಟಿಯಲ್ಲೋ ಮಡಿಕೇರಿಯಲ್ಲೋ ಬೆಳಗ್ಗೆ 33 ಎಂದು ಬರೆದಿದ್ದರೆ ಯಾರಾದರೂ ತಲೆಯೆತ್ತಿ ನೋಡುತ್ತಿದ್ದರು. ದಾವಣಗೆರೆಯ ಮಾರ್ಚ್‌ನಲ್ಲಿ? "ಈ ಸಲ ಬಿಸಿಲು ಜಾಸ್ತಿ" ಎಂದು ಫ್ಯಾನ್ ಜೋರು ಮಾಡಿಕೊಂಡೆವು.

ಮೂರು ಮೈಕ್ರೋವೋಲ್ಟ್

ಇನ್ನೊಂದು ಸಣ್ಣ ಕಿರಿಕಿರಿ ಉಳಿದಿತ್ತು. ಅತಿವಾಹಕವಾದ ಮೇಲೆ ವೋಲ್ಟೇಜ್ ಸೊನ್ನೆಯಾಗಬೇಕು; ನಮ್ಮ ಮೀಟರ್ 2.8 ಮೈಕ್ರೋವೋಲ್ಟ್‌ನಲ್ಲಿ ಜೋತುಬಿದ್ದಿತ್ತು. ಕರೆಂಟಿನ ದಿಕ್ಕು ತಿರುಗಿಸಿದೆವು. ನಿಜವಾದ ರೋಧವಾಗಿದ್ದರೆ ಮೈನಸ್ 2.8 ಬರಬೇಕು. ಬಂದದ್ದು ಮತ್ತೆ ಪ್ಲಸ್ 2.8. ಅಂದರೆ ಅದು ತುಂಡಿನದಲ್ಲ, ತಾಮ್ರ ಮತ್ತು ಬೆಸುಗೆ ಸೀಸ ಕೂಡುವ ಜಾಗಗಳು ಬೇರೆ ಬೇರೆ ತಾಪಮಾನದಲ್ಲಿರುವುದರಿಂದ ತಾವಾಗಿ ಹುಟ್ಟುವ ವೋಲ್ಟೇಜ್. ಕುಸಿತಕ್ಕಿಂತ ಮೇಲೆ, 100 ಕೆಲ್ವಿನ್ ಹತ್ತಿರ, ಒಂದು ದಿಕ್ಕಿನಲ್ಲಿ 93.0, ಇನ್ನೊಂದರಲ್ಲಿ ಮೈನಸ್ 87.4, ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ 90.2, ಅದೇ ತುಂಡಿನ ನಿಜ ವೋಲ್ಟೇಜ್. ಅಂದಿನಿಂದ ಪ್ರತಿ ಅಳತೆಯನ್ನೂ ಎರಡು ದಿಕ್ಕಿನಲ್ಲಿ ತೆಗೆಯುತ್ತೇವೆ. ಸಮಯ ಇಮ್ಮಡಿ, ಬೇಸರ ಮುಮ್ಮಡಿ.

ರಿಪೇರಿ ಮತ್ತು ಮರು ಅಳತೆ

ಸೆನ್ಸರಿನ ಕಾಲಿಗೇ ಇನ್ನೆರಡು ತಂತಿ ಬೆಸೆದು ನಾಲ್ಕಾಗಿಸಿದೆವು. ಟೇಪ್ ಕಿತ್ತು, ತಾಮ್ರದ ಗಟ್ಟಿಯಲ್ಲಿ ತುಂಡಿನ ನೇರ ಕೆಳಗೆ ತೂತು ಕೊರೆಸಿ, ವ್ಯಾಕ್ಯೂಮ್ ಗ್ರೀಸ್ ತುಂಬಿ ಸೆನ್ಸರನ್ನು ಒಳಗೆ ಹುಗಿದೆವು. ಲೇತ್ ಕೆಲಸದವನು ಎರಡು ಮಿಲಿಮೀಟರ್ ತೂತಿಗೆ ಇಷ್ಟು ತಲೆಕೆಡಿಸಿಕೊಳ್ಳುವ ಗಿರಾಕಿಯನ್ನು ಮೊದಲ ಸಲ ನೋಡಿದ್ದು. ತಂತಿಗಳೆಲ್ಲವನ್ನೂ ಸೆನ್ಸರ್ ಮುಟ್ಟುವ ಮೊದಲು ಗಟ್ಟಿಗೇ ಏಳೆಂಟು ಸುತ್ತು ಸುತ್ತಿ ವಾರ್ನಿಷ್ ಬಳಿದೆವು. ಮೇಲಿಂದ ಬರುವ ಕಾವು ತಾಮ್ರಕ್ಕೆ ಇಳಿದುಹೋಗಲಿ, ಸೆನ್ಸರಿನವರೆಗೆ ಬರದಿರಲಿ ಎಂದು. ತಾಮ್ರದ ಬದಲು ಮ್ಯಾಂಗನಿನ್ ತಂತಿಯಾಗಿದ್ದರೆ ಕಾವು ಇನ್ನೂ ಕಡಿಮೆ ಹರಿಯುತ್ತಿತ್ತು, ನಮ್ಮಲ್ಲಿ ಇರಲಿಲ್ಲ.

ಕೊಳವೆಯನ್ನು ಈ ಸಲ ಸ್ಕ್ರೂ ತಿರುಗಿಸಿ ಇಳಿಸುವ ಲ್ಯಾಬ್ ಜ್ಯಾಕಿಗೆ ಕಟ್ಟಿದೆವು. ಅದನ್ನು ಹದವರಿತು ತಿರುಗಿಸಿ, 105ರಿಂದ ಕೆಳಗೆ ನಿಮಿಷಕ್ಕೆ ಒಂದು ಕೆಲ್ವಿನ್ ದಾಟದಂತೆ ನೋಡಿಕೊಂಡವರು ಅಟೆಂಡರ್ ಅಣ್ಣ. ಮೀಟರ್ ನೋಡದೆಯೇ ಫ್ಲಾಸ್ಕಿನ ಬಾಯಿಂದ ಏಳುವ ಹೊಗೆಯ ದಪ್ಪ ನೋಡಿ "ಈಗ ಜೋರಾತು" ಅನ್ನುತ್ತಿದ್ದರು. ಹೆಚ್ಚು ಸಲ ಸರಿಯಿರುತ್ತಿತ್ತು.

ದ್ರವದಲ್ಲಿ ಪೂರ್ತಿ ಮುಳುಗಿಸಿದಾಗ ಸೆನ್ಸರ್ ಈಗ 20.2 ಓಮ್, ಅಂದರೆ 77.0. ಉಳಿದ 0.2 ಕೆಲ್ವಿನ್ ಸೆನ್ಸರಿನ ಸ್ವಂತ ಕೊಡುಗೆ. ಅಗ್ಗದ ದರ್ಜೆಯ ಪಿಟಿ-100ಕ್ಕೆ ಇಷ್ಟು ಕೆಳಗೆ ಒಂದು ಡಿಗ್ರಿಗಿಂತ ಹೆಚ್ಚು ತಪ್ಪಲು ಮಾನದಂಡದಲ್ಲೇ ಅವಕಾಶವಿದೆ, ಹಾಗಾಗಿ ನಮ್ಮದು ಒಳ್ಳೆಯ ಮನೆತನದ್ದೇ. ಆ 0.2 ಕಳೆದ ಮೇಲೆ ಇಳಿಯುವಾಗ ಕುಸಿತದ ನಡುಬಿಂದು 91.2, ಏರುವಾಗ 90.9. ರೋಧ ಬಾಗಲು ಶುರುವಾಗುವುದು 92ರಲ್ಲಿ, ಪೂರ್ತಿ ಸೊನ್ನೆ 89.5ರಲ್ಲಿ. ಎರಡೂವರೆ ಕೆಲ್ವಿನ್ ಅಗಲ ಸ್ವಲ್ಪ ಹೆಚ್ಚೇ. ಆಮ್ಲಜನಕ ಬಿಲ್ಲೆಯ ಒಳಗೆಲ್ಲ ಒಂದೇ ಸಮ ಇಳಿದಿಲ್ಲ ಎಂದು ನನ್ನ ಊಹೆ.

ಹಳೆಯ ಎರಡು ಸಂಖ್ಯೆಗಳ ಸರಾಸರಿ 95.5ರಿಂದ ತಂತಿಯ 4.4 ಕಳೆದರೂ 91.1 ಬರುತ್ತದೆ. ಅಂದರೆ ಆ ಕೆಟ್ಟ ದಿನದ ಅಂಕಿಗಳಲ್ಲೇ ಉತ್ತರ ಅಡಗಿತ್ತು, ಆದರೆ ಎರಡೂ ಗ್ರಾಫ್ ಇದ್ದರೆ ಮಾತ್ರ. 99.5ರ ಗ್ರಾಫನ್ನು ಅಂದೇ ಹರಿದುಹಾಕಿದ್ದರೆ ಕೈಯಲ್ಲಿ ಉಳಿಯುತ್ತಿದ್ದುದು 91.5 ಎಂಬ ಒಂಟಿ ಅಂಕಿ, ಅದರಿಂದ ಯಾವ ಲೆಕ್ಕವೂ ಹುಟ್ಟುತ್ತಿರಲಿಲ್ಲ. ಏರುವ-ಇಳಿಯುವ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕೆಂಬ ಅಭ್ಯಾಸ ನನಗೆ ಹತ್ತಿದ್ದು ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್‌ನಲ್ಲಿ ಅಧ್ಯಾಪಕರ ತರಬೇತಿಗೆ ಹೋಗಿದ್ದಾಗ. ಆಗ ಅದು ಹಾಳೆ ಉಳಿಸುವ ಉಪಾಯ ಎಂದುಕೊಂಡಿದ್ದೆ.

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ಕೊನೆಯ ಗ್ರಾಫ್ ಸಾಕಾಗಿತ್ತಲ್ಲ, ಮೊದಲಿನ ಕೆಟ್ಟ ಎರಡನ್ನು ರಿಪೋರ್ಟಿನಲ್ಲಿ ಏಕೆ ಹಾಕಿದಿರಿ? ಹುಡುಗಿ ಬೋರ್ಡಿನ ಹತ್ತಿರ ಹೋಗಿ 99.5, 91.5 ಎಂದು ಬರೆದು ಇಪ್ಪತ್ತು ನಿಮಿಷ ಮಾತಾಡಿದಳು.

ಪೆಲೆಟ್ ಈಗ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿದೆ. ಒನ್-ಟೂ-ತ್ರೀಗೆ ನೀರೆಂದರೆ ಆಗದು, ತೇವ ತಾಗಿದರೆ ಮೇಲ್ಮೈ ಕೆಡುತ್ತಾ ಬರುತ್ತದೆ. ಮಳೆಗಾಲ ಕಳೆದ ಮೇಲೆ ಅದೇ ತುಂಡನ್ನು ಅದೇ ನಾಲ್ಕು ತಂತಿಯಲ್ಲಿ ಮತ್ತೊಮ್ಮೆ ಅಳೆಯಬೇಕು. ಈ ಸಲದ ಹುಡುಗರಿಗೆ ಮೊದಲ ಕೆಲಸ ಹೇಳಿಯಾಗಿದೆ: ಪಿಟಿ-100ರ ಓಮ್ ಓದಿ, ಗೋಡೆಯ ಥರ್ಮಾಮೀಟರ್ ನೋಡಿ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು.